ವಕೀಲಮ್ಮ ಹಿಡಿದ ದಾರಿ

ಜೂನ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಆರೋಗ್ಯವಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಶಾಲೆ ಶುರುವಾಗುವ ಹೊತ್ತು, ಅಂಗಡಿ ತುಂಬ ಯೂನಿಫಾರಂ ಬಟ್ಟೆ, ಹೊಲಿಗೆ ಮೆಷಿನ್ ಬಿಟ್ಟು ಏಳಲು ಪುರುಸೊತ್ತಿರಲಿಲ್ಲ ಎಂದು ನೆಪ ಹೇಳಬಹುದು. ನಿಜ ಏನೆಂದರೆ, ನಿನಗೆ ಏನು ಬರೆಯಬೇಕೆಂಬುದು ಇವತ್ತು ಬೆಳಗಿನವರೆಗೆ ನನಗೇ ತಿಳಿದಿರಲಿಲ್ಲ. ತಡವಾದದ್ದಕ್ಕೆ ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ಸನ್ಯಾಸಿನಿಯಾಗುವ ಅಂತಿಮ ವ್ರತ ಹತ್ತಿರ ಬಂದಾಗ ನನ್ನ ಮಗಳು ಕಾನ್ವೆಂಟ್ ಬಿಟ್ಟು ಬಂದಳಂತೆ, ಜನ ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ, ನಿಜವೇನು ಎಂದು ಕೇಳಿದ್ದೀಯ. ಕೇಳುವ ಹಕ್ಕು ನಿನಗಿದೆ. ಫಾದರ್ ಆದ ನೀನೇ ಮುಂದೆ ನಿಂತು ಅವಳನ್ನು ಅಲ್ಲಿಗೆ ಸೇರಿಸಿದ್ದು. ಮಾತಿಗೊಂದು ವಾದ ಹೂಡುತ್ತಾಳೆಂದು ಚಿಕ್ಕವಳಿದ್ದಾಗಲೇ 'ವಕೀಲಮ್ಮ' ಎಂದು ಹೆಸರಿಟ್ಟವನೂ ನೀನೇ. ಮನೆಯಲ್ಲಿ ಈಗಲೂ ಅದೇ ಹೆಸರು.

ನಡೆದದ್ದು ಹೀಗೆ. ಕಾನ್ವೆಂಟಿನ ಪಕ್ಕದಲ್ಲೇ ಸಿಸ್ಟರುಗಳು ಅನಾಥ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರಲ್ಲ, ಅಲ್ಲಿ ಒಬ್ಬಳು ಹುಡುಗಿಯಿದ್ದಳು. ಹುಟ್ಟಿನಿಂದ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಯಾವಾಗಲೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾಳೆಂದು ಎಲ್ಲರೂ 'ರಾಣಿ' ಎನ್ನುತ್ತಿದ್ದರು. ಅವಳಿಗೆ ಊಟ ಮಾಡಿಸುವ ಕೆಲಸ ವಕೀಲಮ್ಮನ ಪಾಲಿಗೆ ಬಂತು. ಮೊದಮೊದಲು ಆ ಮಗು ಕೈ ಕಚ್ಚುತ್ತಿತ್ತು, ತಟ್ಟೆ ಎಸೆಯುತ್ತಿತ್ತು. ಇವಳೂ ಹಟ ಬಿಡುವವಳಲ್ಲ. ಮಗುವಿನ ಅಂಗೈ ಮೇಲೆ ಬೆರಳಿನಿಂದ ಗೀರಿದರೆ ನೀರು, ಮುಷ್ಟಿ ಒತ್ತಿದರೆ ಊಟ, ಕಿರುಬೆರಳು ಎಳೆದರೆ ಹೊರಗೆ ತಿರುಗಾಡಲು ಹೋಗೋಣ ಎಂದು ಒಂದೊಂದೇ ಕಲಿಸಿದಳು. ಒಂದು ದಿನ ಮಗು ತಾನಾಗಿ ಇವಳ ಮಣಿಕಟ್ಟಿನ ಮೇಲೆ ಊದಿತಂತೆ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಚಳಿಯಾಗುತ್ತಿದೆ ಎಂದು ಅದರ ಅರ್ಥ. ಆ ದಿನದಿಂದ ಇಬ್ಬರದೂ ಮಾತೇ ಮಾತು. ಆ ಭಾಷೆ ಲೋಕದಲ್ಲಿ ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ.

ಆಮೇಲೆ ಆಶ್ರಮ ಮುಚ್ಚಿತು. ಕಟ್ಟಡ ಹಳೆಯದು, ನಡೆಸುವ ಸಿಸ್ಟರುಗಳಿಗೂ ವಯಸ್ಸಾಗಿತ್ತು. ತಪ್ಪು ಯಾರದೂ ಅಲ್ಲ. ಮಕ್ಕಳನ್ನು ಬೇರೆ ಬೇರೆ ಕಡೆ ಕಳಿಸಿದರು. ರಾಣಿಯನ್ನು ದೂರದ ದೊಡ್ಡ ಆಶ್ರಮವೊಂದಕ್ಕೆ ಬಿಟ್ಟು ಬರಲು ವಕೀಲಮ್ಮನೇ ಹೋದಳು. ಅಲ್ಲಿಯ ಆಯಾಗಳು ಒಳ್ಳೆಯವರೇ. ಆದರೆ ಇವಳು ಕೈ ಬಿಡಿಸಿಕೊಂಡು ಬಾಗಿಲ ಹತ್ತಿರ ಬಂದು ತಿರುಗಿ ನೋಡಿದರೆ, ಮಗು ಹಾಸಿಗೆಯ ಮೇಲೆ ಕೂತು ತನ್ನ ಕಿರುಬೆರಳನ್ನು ತಾನೇ ಎಳೆದುಕೊಳ್ಳುತ್ತಿತ್ತು. ಹೊರಗೆ ಹೋಗೋಣ, ಹೊರಗೆ ಹೋಗೋಣ ಎಂದು.

ವಕೀಲಮ್ಮನನ್ನು ವ್ರತವಾದ ಮೇಲೆ ಒಂದು ಶಾಲೆಗೆ ಕಳಿಸುವುದೆಂದು ಆಗಿತ್ತು. ನನ್ನನ್ನು ಆ ಮಗುವಿರುವ ಕಡೆ ಕಳಿಸಿ ಎಂದು ಕೇಳಿದಳು. ಕಳಿಸಿದಲ್ಲಿಗೆ ಹೋಗುವುದೇ ವಿಧೇಯತೆ, ಆರಿಸಿಕೊಳ್ಳುವ ಹಾಗಿಲ್ಲ ಎಂದರು. ಅದೂ ಸರಿಯೇ. ಕೊನೆಗೆ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಸುಪೀರಿಯರ್ ಎದುರು ಹೋಗಿ ನಿಂತಳು. ಈ ಮಾತುಕತೆಯನ್ನು ನನಗೆ ಹೇಳಿದವರು ಸ್ವತಃ ಮದರ್. ಇವಳ ಪೆಟ್ಟಿಗೆ ತಲುಪಿಸುವ ನೆಪದಲ್ಲಿ ಮನೆಗೆ ಬಂದು, ನಾನು ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕೂತು ಹೇಳಿದರು.

"ಇದು ಮಮತೆಯೋ, ದೇವರ ಕರೆಯೋ? ಸರಿಯಾಗಿ ನೋಡ್ಕೋ. ಮಮತೆ ಆದ್ರೆ ಒಂದಲ್ಲ ಒಂದು ದಿನ ದಣಿಯುತ್ತೆ" ಎಂದರಂತೆ ಮದರ್.

"ದಣಿದ ಮೇಲೂ ಬಿಟ್ಟು ಹೋಗಲ್ಲ ಅನ್ನೋದೇ ವ್ರತ ಅಂತ ನೀವೇ ಕಲಿಸಿದ್ದಲ್ವಾ ಮದರ್?"

"ನಾವು ಕಲಿಸಿದ್ದು ಈ ಮನೆಯೊಳಗಿನ ವ್ರತ."

"ನಂಗೆ ಕೊಡೋಕೆ ಇರೋದು ಒಂದೇ ಜೀವನ. ಅದನ್ನ ಎಲ್ಲಿ ಇಡ್ಲಿ ಅಂತ ಕೇಳಿದಾಗೆಲ್ಲ ಆ ಮಗು ಕೈಯೇ ಕಣ್ಮುಂದೆ ಬರುತ್ತೆ. ಪೂಜೇಲೂ ಅದೇ, ಜಪದಲ್ಲೂ ಅದೇ. ಅದು ದೇವರಲ್ಲ ಅಂತ ನೀವು ಹೇಳಿದ್ರೆ ಇಲ್ಲೇ ಇರ್ತೀನಿ."

ಮದರ್ ಹಾಗೆ ಹೇಳದೆ ಅವಳನ್ನು ಹರಸಿ ಕಳಿಸಿದರಂತೆ. ನಮ್ಮ ಮನೆಯಿಂದ ಎದ್ದು ಹೊರಡುವಾಗ ನನ್ನ ಕೈ ಹಿಡಿದು, "ನಿಮ್ಮ ಮಗಳು ನಮ್ಮಿಂದ ಓಡಿ ಬಂದವಳಲ್ಲಮ್ಮ. ನಾವು ಬೀಳ್ಕೊಟ್ಟವಳು. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ" ಎಂದರು. ಅದಕ್ಕೇ ಹೇಳುತ್ತಿದ್ದೇನೆ.

ಅವಳು ಬಂದ ದಿನ ನಾನು ಅಳಲಿಲ್ಲವೆಂದಲ್ಲ. ವ್ರತದ ದಿನಕ್ಕೆಂದು ಬಿಳಿ ನಿಲುವಂಗಿಯನ್ನು ನನ್ನ ಕೈಯಾರೆ ಹೊಲಿದು ಇಸ್ತ್ರಿ ಮಾಡಿ ಇಟ್ಟಿದ್ದೆ. ನಮ್ಮ ಮನೆಯವರು ಬಸ್ಸಿನ ಡ್ಯೂಟಿ ಮುಗಿಸಿ ಬಂದವರು ವಿಷಯ ಕೇಳಿ, ಕೈಕಾಲು ತೊಳೆದು, ಊಟಕ್ಕೆ ಕೂತ ಮೇಲೆ ಬಾಯಿ ಬಿಟ್ಟರು. "ದಾರಿ ತಪ್ಪಿದ್ದಾಳೆ ಅಂತ ಯಾರಾದ್ರೂ ಅಂದ್ರೆ ನನ್ ಹತ್ರ ಕಳ್ಸು. ಡ್ರೈವರ್ ಮಗಳು ಅವಳು. ತಿರುವು ತಗೊಂಡಿದ್ದಾಳೆ, ಅದೂ ಕೈ ತೋರ್ಸೇ ತಗೊಂಡಿದ್ದಾಳೆ." ಅಳುತ್ತಿದ್ದವಳಿಗೆ ನಗು ಬಂತು.

ಜನರ ಬಾಯಿಗೆ ಬೀಗವುಂಟೇ? ನಮ್ಮ ಚರ್ಚಿನ ಗಾಯನ ತಂಡದ ಹಿರಿಯಮ್ಮ ಜಾಕೆಟ್ಟಿನ ಅಳತೆ ಕೊಡಲು ಬಂದವಳು, "ದೇವರಿಗೆ ಕೊಟ್ಟಿದ್ದನ್ನ ವಾಪಸ್ ತಗೊಂಡ್ರಂತೆ?" ಎಂದಳು. "ವಾಪಸ್ ಎಲ್ಲಿ ಬಂತಮ್ಮ, ಬೇರೆ ಬಾಗಿಲಿಂದ ಕೊಟ್ಟಿದ್ದೀವಿ. ಸ್ವಲ್ಪ ಕೈ ಎತ್ತಿ" ಎಂದು ಟೇಪು ಹಿಡಿದೆ.

ರಾಣಿಯನ್ನು ಸಾಕುವ ಅನುಮತಿಗೆ ಕೋರ್ಟು ಕಚೇರಿ ಅಲೆದು ವಕೀಲಮ್ಮನ ಚಪ್ಪಲಿ ಸವೆಯಿತು. ಹೆಸರಿಗೆ ತಕ್ಕ ಕೆಲಸ ಕೊನೆಗೂ ಸಿಕ್ಕಿತು ಎಂದು ನಾವು ಗೇಲಿ ಮಾಡುತ್ತಿದ್ದೆವು. ಈಗ ಮಗು ನಮ್ಮ ಮನೆಗೆ ಬಂದಿದೆ. ವಕೀಲಮ್ಮ ಕಿವುಡು ಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ, ರಾಣಿಯನ್ನೂ ಜೊತೆಗೇ ಕರೆದುಕೊಂಡು ಹೋಗುತ್ತಾಳೆ.

ಇವತ್ತು ಮೊದಲ ಸಲ ಇಬ್ಬರೂ ದೇವಾಲಯಕ್ಕೆ ಬಂದರು. ಹಿಂದಿನ ಬೆಂಚಿನಲ್ಲಿ ಕೂರೋಣ ಎಂದೆ. "ಯಾಕಮ್ಮ, ನಾವೇನು ಕದ್ದು ಬಂದಿದ್ದೀವಾ?" ಎಂದು ನಡುದಾರಿಯಲ್ಲೇ ಹೋಗಿ ಮುಂದೆ ಕೂತಳು. ಆರ್ಗನ್ ವಾದ್ಯದ ಪಕ್ಕದಲ್ಲೇ. ಹಾಡು ಶುರುವಾಗುತ್ತಿದ್ದಂತೆ, ಸ್ವರದ ಕಂಪನ ತಾಕಲೆಂದು ರಾಣಿಯ ಎರಡೂ ಅಂಗೈಗಳನ್ನು ಆರ್ಗನ್ನಿನ ಮರಕ್ಕೆ ಒತ್ತಿ ಹಿಡಿದಳು. ನಮ್ಮ ಆರ್ಗನ್ ನುಡಿಸುವ ತಾತನ ವಿಷಯ ನಿನಗೆ ಗೊತ್ತಲ್ಲ, ಯಾರಾದರೂ ಅದರ ಮೇಲೆ ಟೋಪಿ ಇಟ್ಟರೂ ಮೈಮೇಲೆ ಏರಿ ಬರುವವನು.

ಅಷ್ಟರಲ್ಲಿ ರಾಣಿ ನಕ್ಕಳು. ತನ್ನ ದನಿ ತಾನೇ ಕೇಳದ ಮಗುವಿಗೆ ಎಷ್ಟು ಗಟ್ಟಿಯಾಗಿ ನಗಬಾರದೆಂದು ಹೇಗೆ ಗೊತ್ತಿರಬೇಕು? ಗೋಪುರದವರೆಗೆ ಕೇಳುವಂತೆ ನಕ್ಕಳು. ಹಾಡುತ್ತಿದ್ದವರು ನಿಲ್ಲಿಸಿಬಿಟ್ಟರು. ತಾತ ನಿಲ್ಲಿಸಲಿಲ್ಲ. ಎಲ್ಲಕ್ಕಿಂತ ದಪ್ಪ ಸ್ವರವೊಂದನ್ನು ಒತ್ತಿ ಹಿಡಿದು, ನಗು ಸಾಕಾಗುವವರೆಗೂ ಬೆರಳು ಎತ್ತದೆ ಕೂತ. ಬಲಿಪೀಠದ ಎದುರು ನಿನ್ನಂಥವರೇ ಒಬ್ಬ ಫಾದರ್, ಕೈಕಟ್ಟಿ ಕಾಯುತ್ತ ನಿಂತರು. ಗಾಯನ ತಂಡದ ಹಿರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಅಣ್ಣ, ಅವಳು ಬಿಳಿ ನಿಲುವಂಗಿ ತೊಟ್ಟು ನಿಲ್ಲುವುದನ್ನು ನೋಡಿದ್ದರೂ ನನಗೆ ಇಷ್ಟು ಹೆಮ್ಮೆ ಆಗುತ್ತಿತ್ತೋ ಇಲ್ಲವೋ. ಸನ್ಯಾಸವೂ ದೊಡ್ಡದೇ, ಇಲ್ಲವೆನ್ನುವುದಿಲ್ಲ. ನೀನು ಆ ದಾರಿಯಲ್ಲಿ ನಡೆದದ್ದಕ್ಕೆ ಅಪ್ಪ ಸಾಯುವವರೆಗೆ ಎದೆಯುಬ್ಬಿಸಿ ತಿರುಗಿದರು. ಇದೂ ಅಂಥದೇ ದಾರಿ. ಇದಕ್ಕೆ ಉಡುಪಿಲ್ಲ, ಅಷ್ಟೇ. ಪೂಜೆ ಮುಗಿದು ಹೊರಗೆ ಬರುವಾಗ "ಅವಳ ತಾಯಿ ಇವರೇ" ಎಂದು ಯಾರೋ ಯಾರಿಗೋ ತೋರಿಸಿದರು. ನಾನು ತಲೆ ತಗ್ಗಿಸಲಿಲ್ಲ.

ದೇವರು ನಿನ್ನನ್ನೂ ನಿನ್ನನ್ನು ನಂಬಿದ ಜನರನ್ನೂ ಚೆನ್ನಾಗಿಟ್ಟಿರಲಿ. ನಮ್ಮ ನಾಲ್ವರನ್ನೂ ನಿನ್ನ ಪ್ರಾರ್ಥನೆಯಲ್ಲಿ ನೆನೆ. ಹೌದು, ಈಗ ನಾವು ನಾಲ್ವರು.

ನಿನ್ನ ಪ್ರೀತಿಯ,
ತಂಗಿ

ಮ.ವಿ.: ಇದನ್ನು ಬರೆಯದೆ ಕವರು ಅಂಟಿಸೋಣವೆಂದಿದ್ದೆ, ಮನಸ್ಸು ಒಪ್ಪಲಿಲ್ಲ. ಕಾನ್ವೆಂಟ್ ಬಿಡುವ ಮೊದಲು ವಕೀಲಮ್ಮ ಎಲ್ಲರಿಗಿಂತ ಮುಂಚೆ ನಿನಗೆ ಹೇಳಬೇಕೆಂದು ನಿನ್ನಲ್ಲಿಗೆ ಬಂದಿದ್ದಳು. "ಮಾವ ಊರಲ್ಲಿರಲಿಲ್ಲಮ್ಮ" ಎಂದಳು ನನಗೆ. ನಿನ್ನ ಅಡುಗೆಯವಳು ಹೋದ ತಿಂಗಳು ಇಲ್ಲಿಗೆ ಬಂದಾಗ ಇದ್ದದ್ದನ್ನು ಹೇಳಿದಳು. ಸುದ್ದಿಯ ಸುಳಿವು ಮೊದಲೇ ಸಿಕ್ಕಿ, ಇಲ್ಲವೆಂದು ಹೇಳಿಸಿದವನು ನೀನೇ. ಸಂಜೆಯವರೆಗೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ನೀನು ಕೆಮ್ಮಿದ್ದು ಅವಳಿಗೆ ಕೇಳಿಸಿತ್ತು. ಅಡುಗೆಯವಳಿಗೆ, "ಅಮ್ಮನಿಗೆ ಹೇಳ್ಬೇಡಿ, ಅಣ್ಣ ಅಂದ್ರೆ ಅವಳಿಗೆ ಪ್ರಾಣ" ಎಂದು ಹೇಳಿ ಎದ್ದು ಹೋದಳಂತೆ. ನನಗೆ ಗೊತ್ತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಮುಂಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ ಅಣ್ಣ. ಬಂದಾಗ ತಟ್ಟಬೇಡ, ನೇರ ಒಳಗೆ ಬಾ.