ಬಂಗಡೆಯ ಬಾಜಿ ಮತ್ತು ಒಂದು ವರ್ಷದ ನಿಷೇಧ

ಕ್ರೀಡಾ ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ಬೇಕೆಂದೇ ಸೋಲು ಎಂದ ಕೋಚ್‌ಗೆ ನೀವು ಬರೀ ಎಚ್ಚರಿಕೆ ಕೊಟ್ಟಿರಿ; ಸೋಲಲು ಒಪ್ಪದ ನನ್ನ ಮಗಳು ಯೋಗಿತಾಳಿಗೆ ಒಂದು ವರ್ಷದ ನಿಷೇಧ. ಇಂಥ ತಕ್ಕಡಿಯನ್ನು ಕಾರವಾರದ ಮೀನು ಮಾರ್ಕೆಟಿನಲ್ಲೂ ನಾನು ಕಂಡಿಲ್ಲ.

ಅಂಕೋಲೆಯಲ್ಲಿ ನಡೆದ ಅಂತರಕಾಲೇಜು ಕಬಡ್ಡಿ ಫೈನಲ್ಲಿನ ವಿರಾಮದಲ್ಲಿ ಕೋಚ್ ಅವಳನ್ನು ಪಕ್ಕಕ್ಕೆ ಕರೆದು, "ಇನ್ನು ರೇಡ್ ಹೋಗ್ಬೇಡ, ಕಾಲು ಉಳುಕಿದೆ ಅನ್ನು" ಎಂದರು. ಎದುರು ತಂಡದ ಮೇಲೆ ಬೆಟ್ ಕಟ್ಟಿ ಬುಕ್ಕಿಗೆ ಕಳಿಸಿದ ಮೆಸೇಜು ಅವರ ಫೋನಿನಲ್ಲಿ ಅವಳ ಕಣ್ಣಿಗೆ ಬಿತ್ತು. ಅವಳು ರೇಡ್ ಹೋದಳು, ತಂಡವನ್ನು ಗೆಲ್ಲಿಸಿದಳು, ಆಮೇಲೆ ನಿಮಗೆ ದೂರು ಕೊಟ್ಟಳು. ಆಟಗಾರರು ಹಾಗೆ ಮಾಡಬೇಕೆಂಬುದು ನಿಮ್ಮದೇ ನಿಯಮವಂತೆ. ಪಾಪ, ನಂಬಿದ್ದಳು.

ವಿಚಾರಣೆಯಲ್ಲಿ ನೀವು ಕೋಚ್‌ನ ಫೋನು ಕೇಳಲಿಲ್ಲ. "ನಿಮ್ಮ ಮನೆಯವರು ಯಾರಾದರೂ ಆಟದ ಮೇಲೆ ಬೆಟ್ ಕಟ್ಟಿದ್ದಾರೆಯೇ?" ಎಂದು ಮಗಳನ್ನು ಕೇಳಿದಿರಿ. ಅವಳು ನಗುತ್ತ ಹೇಳಿದಳು: "ಹೌದು ಸರ್, ಆಯಿ ಒಂದ್ ಬುಟ್ಟಿ ಬಂಗಡೆ ಬಾಜಿ ಕಟ್ಟಿತ್ತು, ನಾವ್ ಸೋಲ್ತೇವೆ ಅಂತ. ನಾವ್ ಗೆದ್ದೆವಲಾ, ಕೇರಿಯವ್ರೆಲ್ಲ ತಿಂದ್ರು. ನಾನೂ ತಿಂದೆ."

ನಮ್ಮ ಕೇರಿಯಲ್ಲಿ ಆಡುವವರ ಮನೆಯವರು ಎದುರಾಳಿಯ ಪರವಾಗಿಯೇ ಬಾಜಿ ಕಟ್ಟುತ್ತಾರೆ, ಮಕ್ಕಳಿಗೆ ದೃಷ್ಟಿಯಾಗದಿರಲಿ ಎಂದು. ಬಾಜಿ ಸೋತು ಮೀನು ಹಂಚುವುದೇ ಸಂಭ್ರಮ. ಅವಳ ಆಯಿ, ಅಂದರೆ ನನ್ನ ಹೆಂಡತಿ ಮಂಗಲಾ, ಇದನ್ನು ನಿಮ್ಮೆದುರು ಕೈಮುಗಿದು ವಿವರಿಸಿದಳು. ಆದರೂ ನಿಮ್ಮ ಆದೇಶ ಹೇಳುವುದೇನು? "ಕುಟುಂಬದವರು ಸ್ವಂತ ತಂಡದ ವಿರುದ್ಧ ಜೂಜಾಡಿದ್ದಾರೆ, ದೂರುದಾರಳು ನಂಬಿಕೆಗೆ ಅರ್ಹಳಲ್ಲ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಕೇಳಿದ್ದೆ, ಸ್ವಾಮೀ, ಈಗ ಕಣ್ಣಾರೆ ಕಂಡೆ. ಅವಳು ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಇಂದು ಅಂಕಣದಲ್ಲಿ ಇರುತ್ತಿದ್ದಳಲ್ಲವೇ? ಇನ್ನು ಯಾವ ಹುಡುಗಿ ನಿಮ್ಮ ಬಾಗಿಲಿಗೆ ದೂರು ತರುತ್ತಾಳೆ?

ಭಾನುವಾರ ರಾಜ್ಯ ತಂಡದ ಆಯ್ಕೆ. ಯೋಗಿತಾಳಿಗೆ ಕಾಲೇಜಿನ ಕೊನೆಯ ವರ್ಷ. ಇದು ತಪ್ಪಿದರೆ ಮುಂದೆ ಅವಕಾಶವಿಲ್ಲ. ಮೊನ್ನೆ ತಾಯಿ ಊಟಕ್ಕೆ ಕರೆದಾಗ, "ನಂಗೆ ನಿನ್ನ ಬಂಗಡೆನೂ ಬೇಡ, ಬಾಜಿನೂ ಬೇಡ" ಎಂದು ಬಾಗಿಲು ಹಾಕಿಕೊಂಡಳು. ಅಂದಿನಿಂದ ಮಂಗಲಾ ಮೀನು ಮಾರಲು ಹೋಗಿಲ್ಲ. ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿದೆ.

ಭಾನುವಾರದೊಳಗೆ ನಿಷೇಧ ತೆಗೆಯಿರಿ. ಕೋಚ್‌ನ ಫೋನು ತೆರೆಸಿ. ಇವೆರಡೂ ಆಗದಿದ್ದರೆ ನೀವೇ ನಮ್ಮ ಮನೆಗೆ ಬನ್ನಿ. ಮಗಳ ಆಟ ಹಾಳಾದದ್ದು ತಾಯಿಯಿಂದಲ್ಲ, ನಿಮ್ಮಿಂದ ಎಂದು ಯೋಗಿತಾಳ ಮುಚ್ಚಿದ ಬಾಗಿಲಿನ ಮುಂದೆ ನಿಂತು ಹೇಳಿ. ನಾನು ಹೇಳಿ ನೋಡಿದೆ, ಅವಳು ತೆರೆಯಲಿಲ್ಲ.

ಇಂತಿ,
ಮಾತಿಲ್ಲದ ಮನೆಯಲ್ಲಿ ಒಬ್ಬನೇ ಕೂತು ಉಣ್ಣುವ
ಸತೀಶ, ಕೋಡಿಬಾಗ