ತದಡಿಯ ಮದುವೆಯ ಡಿಸ್ಕು

ಕುಮಟಾ
೯-೧೧-೨೦೦೫

ಪ್ರೀತಿಯ ಅಮಿತಾ,

ಹೊನ್ನಾವರದಲ್ಲಿ ನೀವೆಲ್ಲ ಸೌಖ್ಯವೆಂದು ತಿಳಿದಿದ್ದೇನೆ. ದೀಪಾವಳಿಗೆ ನೀನು ಬರೆದ ಪತ್ರ ಹಬ್ಬಕ್ಕೆ ಮೊದಲೇ ಕೈಸೇರಿತ್ತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ನಿನ್ನ ಹತ್ತಿರ ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ಬರೆದದ್ದನ್ನು ಹರಿದುಹಾಕಿ ಮತ್ತೆ ಕೂತಿದ್ದೇನೆ. ಫೋನ್ ಮಾಡೋಣವೆಂದರೆ, ನಿನ್ನ ದನಿ ಕೇಳಿದೊಡನೆ ಅತ್ತುಬಿಡುತ್ತೇನೆ, ನೀನು ಸಮಾಧಾನ ಮಾಡುತ್ತೀಯೆ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ.

ಇಲ್ಲಿ ನಾವು ಚೆನ್ನಾಗಿದ್ದೇವೆ. ತುಳಸಿ ಮದುವೆ ಮುಗಿಯುತ್ತಲೇ ಲಗ್ನಗಳು ಶುರುವಾಗುತ್ತವೆ ಎಂದು ಇವರು ‘ಭಾಸ್ಕರ ವಿಡಿಯೋ’ ಬೋರ್ಡಿಗೆ ಹೊಸದಾಗಿ ಬಣ್ಣ ಹೊಡೆಸಿದ್ದಾರೆ. ಮೊದಲಿನ ಹಾಗೇ ಶೂಟಿಂಗು ಇವರದು, ಕಂಪ್ಯೂಟರಿನ ಮುಂದೆ ಕೂತು ಎಡಿಟಿಂಗು ಮಾಡುವುದು ನನ್ನದು. ಬೋರ್ಡು ಒಬ್ಬರ ಹೆಸರಲ್ಲಿ, ಬೆನ್ನುನೋವು ಇನ್ನೊಬ್ಬರಿಗೆ ಎಂದು ನೀನು ನಗಾಡುತ್ತಿದ್ದೆಯಲ್ಲ, ಹಾಗೇ ನಡೆದಿದೆ.

ನಮ್ಮ ಕಷ್ಟ ನಿನಗೆ ಗೊತ್ತೇ ಇದೆ. ಈ ಬೇಸಿಗೆಯಲ್ಲಿ ಕ್ಯಾಸೆಟ್ಟು ಬಿಟ್ಟು ಡಿಸ್ಕಿಗೆ ಬಂದೆವು. ಮೊದಲ ದೊಡ್ಡ ಕೆಲಸ ತದಡಿಯ ಬೋಟಿನ ದೇವಪ್ಪನವರ ಮಗಳು ಮಹಾಲಕ್ಷ್ಮಿಯ ಮದುವೆ. ಎಡಿಟಿಂಗ್ ಮಾಡುವಾಗ ಕಂಪ್ಯೂಟರಿನಲ್ಲಿ ಎಲ್ಲ ಎಷ್ಟು ಚೆಂದ ಇತ್ತೆಂದರೆ, ಕೆಂಪು ಸೀರೆಯ ಜರಿ ಕೂಡ ಎಣಿಸಬಹುದಿತ್ತು. ಎಕ್ಸ್‌ಪೋರ್ಟ್ ಮಾಡಿ, ಡಿಸ್ಕಿಗೆ ಹಾಕಿ, ಮನೆಯ ಟೀವಿಯಲ್ಲಿ ನೋಡಿದರೆ ಬೇರೆಯೇ ಕಂಡಿತು. ಸೀರೆಯ ಕೆಂಪು ಅಂಚು ದಾಟಿ ಹೊರಗೆ ಹರಿದಿತ್ತು. ಚಪ್ಪರದ ನೆರಳಲ್ಲಿ ಕೂತವರ ಮುಖಗಳೆಲ್ಲ ಕಪ್ಪು. ಹುಡುಗಿಯ ಜಡೆ ಯಾವುದು, ಮಲ್ಲಿಗೆಯ ನೆರಳು ಯಾವುದು ತಿಳಿಯುವಂತಿರಲಿಲ್ಲ.

ನೀನೂ ಹೊನ್ನಾವರದಲ್ಲಿ ಇದೇ ಕೆಲಸ ಮಾಡುವವಳು, ನಮಗಿಂತ ಮೊದಲೇ ಡಿಸ್ಕಿಗೆ ಹೋದವಳು, ಹಾಗಾಗಿ ನಾನು ಮೊದಲು ಫೋನ್ ಮಾಡಿದ್ದು ನಿನಗೆ. ನೀನು ಎಂತ ಹೇಳಿದೆ, ನೆನಪಿದೆಯಾ? ನನಗಂತೂ ಒಂದಕ್ಷರ ಮರೆತಿಲ್ಲ. “ಮಾಲ್ತಿ, ಬೇಜಾರ್ ಮಾಡ್ಕಬೇಡ. ಹತ್ರ ಕೂತು ನೋಡೂಕಾದ್ರೆ ನಿನ್ ಎಡಗಣ್ಣು ಬಣ್ಣ ತಪ್ಪು ತೋರಸ್ತದೆ ಕಾಣ್ತದೆ. ಒಂದ್ಸಲ ಡಾಕ್ಟ್ರಿಗೆ ತೋರ್ಸ್ಕಂಡು ಬಾರೇ” ಅಂದೆ. ಎಷ್ಟು ಮೆತ್ತಗೆ ಹೇಳಿದೆಯೆಂದರೆ, ಫೋನ್ ಇಟ್ಟ ಮೇಲೆ ನಿನ್ನಂಥ ಗೆಳತಿ ಇದ್ದಾಳಲ್ಲ ಎಂದು ಕಣ್ಣು ತುಂಬಿತು.

ಚಿಕ್ಕವಳಿದ್ದಾಗ ಅಜ್ಜಿಯ ಎಲೆಯಡಿಕೆ ಕವಳದ ಸುಣ್ಣ ಕಣ್ಣಿಗೆ ಬಿದ್ದದ್ದು, ಅಂದಿನಿಂದ ಎಡಗಣ್ಣಿಗೆ ಬಣ್ಣಗಳು ಚೂರು ಮಾಸಿದಂತೆ ಕಾಣುವುದು, ಇದನ್ನು ನಾನು ಹೇಳಿದ್ದು ನಿನಗೊಬ್ಬಳಿಗೆ. ಕಂಪ್ಯೂಟರ್ ಕ್ಲಾಸು ಬಿಟ್ಟು ಹೊಳನಗದ್ದೆಗೆ ಜೊತೆಯಾಗಿ ನಡೆಯುವಾಗ ಹೇಳಿದ್ದೆ. ಮದುವೆಯ ಮಾತಾಗುವಾಗ ಆಯಿ ಬಾಯಿ ಕಟ್ಟಿಸಿದ್ದಳು, ಹಾಗಾಗಿ ಇವರಿಗೂ ಹೇಳಿರಲಿಲ್ಲ. ಬಲಗಣ್ಣು ಚೆನ್ನಾಗಿದೆ, ಹೇಳಿ ಯಾಕೆ ಹೆದರಿಸಬೇಕು ಎಂದುಕೊಂಡಿದ್ದೆ.

ಸಂತೆಗೆಂದು ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ದಾರದುಂಡೆಗಳನ್ನು ಹಿಡಿದು ಬಣ್ಣ ಕೇಳಿ, “ನಿಮ್ ಕೆಲ್ಸಕ್ಕೆ ಎಂತ ತೊಂದ್ರೆ ಇಲ್ಲ” ಅಂದರು. ನಾನು ಡಾಕ್ಟರನ್ನು ನಂಬಲಿಲ್ಲ, ನಿನ್ನನ್ನು ನಂಬಿದೆ. ಸ್ವಲ್ಪ ಬುದ್ಧಿ ಓಡಿಸಿದ್ದರೆ ಅಂದೇ ತಿಳಿಯಬೇಕಿತ್ತು: ಅದೇ ಕಣ್ಣಿಗೆ ಕಂಪ್ಯೂಟರಿನಲ್ಲಿ ಸರಿ ಕಂಡದ್ದು ಟೀವಿಯಲ್ಲಿ ಕಪ್ಪು ಕಂಡರೆ ತಪ್ಪು ಕಣ್ಣಿನದು ಹೇಗಾಗುತ್ತದೆ? ಹೆದರಿದವಳಿಗೆ ಇಂಥದ್ದೆಲ್ಲ ಹೊಳೆಯುವುದಿಲ್ಲ.

ಕಣ್ಣು ನಂಬದೆ ಎಲ್ಲ ದೃಶ್ಯಗಳ ಬೆಳಕನ್ನೂ ಒಂದೇ ಸಮ ಏರಿಸಿದೆ. ಹೇಗೂ ನಮ್ಮ ಕಡೆ ಯಾರ ಮನೆಯ ಮದುವೆಯಾದರೂ “ಹುಡ್ಗಿ ಸ್ವಲ್ಪ ಬೆಳ್ಳಗೆ ಕಾಣ್ಲಿ” ಎಂದು ಹೇಳಿಯೇ ಹೋಗುತ್ತಾರಲ್ಲ. ಕಪ್ಪು ಹೋಗಿ ಬೂದುಬಣ್ಣವಾಯಿತು. ದೇವಪ್ಪನವರ ಬಿಳಿ ಅಂಗಿ ಹಿಂದಿನ ಗೋಡೆಯೊಳಗೆ ಸೇರಿಹೋಗಿ ಬರೀ ತಲೆ ಉಳಿಯಿತು. ಹೊಸ ಮದುವೆಯ ಮಗಳು ಚೌತಿಗೆ ತವರಿಗೆ ಬಂದಾಗ ಕೇರಿಯವರೆಲ್ಲ ಕೂತು ಮದುವೆಯ ವಿಡಿಯೋ ನೋಡುವುದು ಅವರಲ್ಲಿ ಪದ್ಧತಿ. ನನ್ನನ್ನೂ ಕರೆದಿದ್ದರು. ಅಷ್ಟು ಜನರ ನಡುವೆ ಹುಡುಗಿಯ ತಾಯಿ ಗಣಪಿ ನನ್ನ ಕಡೆ ತಿರುಗಿ, “ತಂಗೀ, ನನ್ ಮಗಳ ಮೋರೆ ಎಲ್ ಹೋತು?” ಅಂದಳು. ಬೈದಿದ್ದರೆ ಸಹಿಸಬಹುದಿತ್ತು. ಅವಳು ನಿಜವಾಗಿ ಕೇಳಿದಳು.

ಅದನ್ನೂ ನಿನಗೇ ಹೇಳಿದೆ. ನೀನು ತದಡಿಗೆ ಹೋಗಿ ಅವರ ಜೊತೆ ಮಾತಾಡುತ್ತೇನೆ, ನಮ್ಮ ಹೆಸರು ಕೆಡದ ಹಾಗೆ ನೋಡಿಕೊಳ್ಳುತ್ತೇನೆ ಅಂದೆ. ಹೋಗಿಯೂ ಬಂದೆ.

ಹೋದ ತಿಂಗಳು ನಿಮ್ಮೂರ ಕೇಬಲ್ಲಿನ ವೆಂಕಟ್ರಮಣ ಏನೋ ಕೆಲಸಕ್ಕೆ ಅಂಗಡಿಗೆ ಬಂದಿದ್ದ. ನನ್ನ ಡಿಸ್ಕು ಓಡುತ್ತಿದ್ದುದನ್ನು ಕಂಡು ನಕ್ಕ. “ಕಂಪ್ಯೂಟರಿನ ಕಪ್ಪು-ಬಿಳಿ ಇದ್ದಾಂಗೇ ಕಳ್ಸಿದ್ರೆ ಟೀವಿ ತಡಿಯೂದಿಲ್ಲ ಅಕ್ಕಾ. ಎಕ್ಸ್‌ಪೋರ್ಟ್ ಮಾಡೂ ಕಿಟಕಿಯಲ್ಲಿ ಟೀವಿಗೆ ಹೊಂದ್ಸೂದು ಅಂತ ಒಂದು ಟಿಕ್ ಅದೆ, ಅದ್ನ ಹಾಕಿ” ಅಂದ. ಟಿಕ್ ಹಾಕಿ, ನಾನು ಏರಿಸಿದ ಬೆಳಕನ್ನೆಲ್ಲ ಮೊದಲಿನಂತೆ ಇಳಿಸಿ, ಒಂದು ಚೂರು ಎಕ್ಸ್‌ಪೋರ್ಟ್ ಮಾಡಿ ನೋಡಿದೆ. ಮುಖಗಳು ಬಂದವು, ಅಮಿತಾ. ಚಪ್ಪರದ ಮೂಲೆಯಲ್ಲಿ ಕೂತ ಮುದುಕಿಯ ಮೂಗುಬೊಟ್ಟು ಕೂಡ ಕಂಡಿತು. ಸಂತೋಷದಲ್ಲಿ ಮೊದಲು ನಿನಗೆ ಫೋನ್ ಮಾಡಬೇಕೆಂದು ಎದ್ದೆ. ಅಷ್ಟರಲ್ಲಿ ಅವನು, “ಹೋದ ವರ್ಷ ಅಮಿತಕ್ಕನ ಡಿಸ್ಕೂ ಹಿಂಗೇ ಬತ್ತಿತ್ತು. ನಾನೇ ಕೂತು ಸರಿ ಮಾಡ್ಕೊಟ್ಟೆ. ಅವ್ರು ನಿಮ್ಗೆ ಹೇಳ್ಲಿಲ್ವಾ?” ಅಂದ.

ಮರೆತಿರಬೇಕು ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿದೆ. ಹೊಸ ಡಿಸ್ಕು ಹಿಡಿದು ತದಡಿಗೆ ಹೋದೆ. ಗಣಪಿ ನೋಡಿದಳು, ಮಗಳ ಮುಖ ಬಂದಾಗ ಸೆರಗಿನಿಂದ ಕಣ್ಣೊರೆಸಿದಳು. ಆಮೇಲೆ ನನ್ನ ಕೈ ಹಿಡಿದು, “ಚಲೋ ಆತು. ಆದ್ರೆ ಸಣ್ಣವಳ ಮದ್ವೆ ಕೆಲ್ಸ ಅಮಿತಾಗೆ ಹೇಳಿ ಆತು. ಪಾಪ, ನಿನ್ ಒಂದು ಕಣ್ಣಿಗೆ ಬಣ್ಣ ಸಮಾ ತಿಳಿಯೂದಿಲ್ಲ ಅಂತ ಅಮಿತಾನೇ ಹೇಳ್ತು. ನಿಂಗೆ ಎಂತಕ್ಕೆ ತ್ರಾಸು ಕೊಡೂದು?” ಅಂದಳು. ಅವಳ ಮಾತಲ್ಲಿ ಕುಹಕ ಇರಲಿಲ್ಲ. ಕನಿಕರ ಇತ್ತು, ಅದೇ ಹೆಚ್ಚು ಉರಿಯಿತು.

ಕೆಲಸ ಬೇಕಿದ್ದರೆ ಕೇಳಬಹುದಿತ್ತಲ್ಲ. ತದಡಿ, ಕಾಗಾಲದ ಮದುವೆಗಳನ್ನೆಲ್ಲ ನಾನೇ ನಿನ್ನ ಕಡೆ ತಿರುಗಿಸುತ್ತಿದ್ದೆ, ಇವರು ಗೊಣಗಿದರೂ ಬಿಡುತ್ತಿರಲಿಲ್ಲ. ಒಂದು ಟಿಕ್ ಹೇಳಿಕೊಡುವುದರಲ್ಲಿ ನಿನ್ನ ಗಂಟೇನು ಹೋಗುತ್ತಿತ್ತು? ಹೇಳಿಕೊಡದಿದ್ದರೂ ಹೋಗಲಿ, “ಗೊತ್ತಿಲ್ಲ” ಅನ್ನಬಹುದಿತ್ತು. ನೀನು ಆರಿಸಿಕೊಂಡದ್ದು ನನ್ನ ಕಣ್ಣನ್ನು. ಎಲ್ಲಿ ಮುಟ್ಟಿದರೆ ನಾನು ಮಾತಿಲ್ಲದೆ ಕೂತುಬಿಡುತ್ತೇನೆ ಎಂದು ನಿನಗಲ್ಲದೆ ಇನ್ಯಾರಿಗೆ ಗೊತ್ತಿತ್ತು?

ಜಗಳಕ್ಕೆ ಬರುವುದಿಲ್ಲ, ಹೆದರಬೇಡ. ಇದಕ್ಕೆ ಉತ್ತರವನ್ನೂ ಬರೆಯಬೇಡ. ನೀನು ಚೆಂದ ಬರೆಯುತ್ತೀಯೆ, ನಾನು ಮತ್ತೆ ನಂಬಿಬಿಡುತ್ತೇನೆ.

ನಿನ್ನ ಮಗಳು ಸುಚಿತಾ ಈ ವರ್ಷ ಶಾಲೆಯಲ್ಲಿ ಡಾನ್ಸಿಗೆ ಸೇರಿದ್ದಾಳೆ ಎಂದು ನೀನು ಬರೆದಿದ್ದೆ. ಮಗುವಿನ ಮೇಲೆ ನನಗೇನೂ ಇಲ್ಲ. ಚೆನ್ನಾಗಿ ಓದಲಿ, ಕುಣಿಯಲಿ, ಅವಳಿಗೆ ಒಳ್ಳೆಯ ಗೆಳತಿಯರು ಸಿಗಲಿ. ನಿನ್ನ ಅತ್ತೆಗೆ ನನ್ನ ನಮಸ್ಕಾರ ತಿಳಿಸು.

ಇಂತು,
ಮಾಲತಿ

ತಾ.ಕ.: ತದಡಿಯಲ್ಲಿ ಹಬ್ಬಿದ ನನ್ನ ಕಣ್ಣಿನ ಮಾತು ಮೀನುಪೇಟೆ ಹಾದು ಇವರ ಕಿವಿಗೂ ಬಿದ್ದಿದೆ. ಡಿಸ್ಕುಗಳು ಈಗ ಸರಿಯಾಗಿಯೇ ಬರುತ್ತಿವೆ. ಆದರೂ ಇವರು ಗಿರಾಕಿಗೆ ಕೊಡುವ ಮುಂಚೆ ಪ್ರತಿಯೊಂದನ್ನೂ ಅಂಗಿಯೊಳಗೆ ಅಡಗಿಸಿಕೊಂಡು ಹೋಗಿ, ಪಕ್ಕದ ಟೀವಿ ರಿಪೇರಿಯ ಕುಪ್ಪನಿಗೆ ತೋರಿಸಿ ಬರುತ್ತಾರೆ. ನನಗೆ ಗೊತ್ತಾಗಿಲ್ಲ ಎಂದುಕೊಂಡಿದ್ದಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಆಗುತ್ತಿಲ್ಲ ಅಮಿತಾ. ನಿನ್ನೆ ಅವರು ಹಾಗೆ ಹೋದಾಗ ನಾನು ಕೆಲಸ ಬಿಟ್ಟು ಬಾಗಿಲ ಹಿಂದೆ ನಿಂತಿದ್ದೆ, ಕುಪ್ಪ ಸರಿಯಾಗಿದೆ ಅಂದನೋ ಇಲ್ಲವೋ ಎಂದು ಅವರ ಮುಖ ನೋಡಿ ತಿಳಿದುಕೊಳ್ಳಲು.