ಹೊಸ ಗಾಡಿಯ ಬಾಣಂತನ

ಹೆದರಿಕೊಂಡೇ ಗಾಡಿ ಕಲಿತ ಮಗಳಿಂದ, ಅಪ್ಪನಿಗೆ,

ಷೋರೂಮಿನಲ್ಲಿ ಕೀಲಿ ಕೈಗಿಟ್ಟು ಫೋಟೋಕ್ಕೆ ನಗಬೇಕು ಎಂದರು. ಅವ್ವ ನಕ್ಕಳು. ನಾನು ನಕ್ಕ ಹಾಗೆ ಹಲ್ಲು ತೋರಿಸಿದೆ. ಅಂಗೈ ಎಷ್ಟು ಬೆವತಿತ್ತೆಂದರೆ ಕೀಲಿ ಜಾರಿ ಕೆಳಗೆ ಬಿತ್ತು. ಹೌದಪ್ಪಾ, ನಾನು ಕಾರು ತಗೊಂಡೆ. ಸ್ಕೂಟರಿನ ಹಿಂದೆ ಕೂತರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ ನಿನ್ನ ಸವಿತಾ, ನಲವತ್ತರ ಹೊಸ್ತಿಲಲ್ಲಿ ಡ್ರೈವಿಂಗ್ ಕ್ಲಾಸಿಗೆ ಹೋಗಿ ಲೈಸೆನ್ಸ್ ತೆಗೆದುಕೊಂಡಳು ಎಂದರೆ ನಂಬುತ್ತೀಯಾ? ಚಕ್ರದಡಿ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪುಣೆಯ ಹಡಪಸರದ ಮನೆಗೆ ಬಂದೆ. ದಾರಿಯುದ್ದಕ್ಕೂ ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.

ನೀನು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದಾಗ ಮೊದಲ ಹೊಸ ಕಾರು ಮನೆಗೆ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಓಣಿಯವರೆಲ್ಲ ಒಂದು ಸುತ್ತು ಹೊಡೆಸಿರಿ ಎಂದು ಗಂಟುಬಿದ್ದರೆ ನೀನು ಬಾಗಿಲಿಗೆ ಅಡ್ಡ ನಿಂತಿದ್ದೆ. "ಹೊಸ ಇಂಜಿನ್ ಅಂದ್ರ ಬಾಣಂತಿ ಇದ್ದಂಗ್ರಿ. ಸಾವಿರ ಕಿಲೋಮೀಟರ್ ಆಗೂ ತನಕ ಎಲ್ಲಾ ಮೆಲ್ಲಕ. ಭಾರ ಹೇರಬಾರದು, ಜೋರ್ ಓಡಸಬಾರದು, ಬೆಚ್ಚಗ ಇಡಬೇಕು." ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ, ಅದು ಕಾದು ಬಿಸಿಯಾಗುವ ತನಕ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ನನ್ನ ಹೆರಿಗೆಯಲ್ಲೂ ತನಗೆ ಇಷ್ಟು ಆರೈಕೆ ಆಗಿರಲಿಲ್ಲ ಎಂದು ಅವ್ವ ಒಳಗಿನಿಂದ ಚುಚ್ಚುತ್ತಿದ್ದಳು. ನಿನಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಹಾಗಾಗಿ ನಾನೂ ಬಾಣಂತನ ಮಾಡಿದೆ. ಬೆಳಿಗ್ಗೆ ಪಾರ್ಕಿಂಗಿನಲ್ಲಿ ಗಾಡಿ ಚಾಲೂ ಮಾಡಿ ಒಳಗೇ ಕೂತು ಚಹಾ ಕುಡಿಯುತ್ತೇನೆ. ಕಪ್ಪು ಖಾಲಿಯಾದರೂ ಕೂತಿರುತ್ತೇನೆ. ಆಮೇಲೆ ಖರಾಡಿಯ ಆಫೀಸಿನ ತನಕ ಒಂದು, ಎರಡು, ಮತ್ತೆ ಒಂದನೇ ಗೇರಿನಲ್ಲಿ ತೆವಳುವುದು. ಮೂರನೆಯದಕ್ಕೆ ಹೋದರೆ ಇಂಜಿನ್ನಿಗೆ ಏನಾದರೂ ಆದೀತು ಎಂಬ ದಿಗಿಲು. ಎದುರಿನ ಪರದೆಯ ಮೇಲೆ ಲೀಟರಿಗೆ ಎಷ್ಟು ಓಡುತ್ತಿದೆ ಎಂದು ತೋರಿಸುತ್ತದಲ್ಲ, ಅದು ಹತ್ತರ ಮೇಲೆ ಏರಲೇ ಇಲ್ಲ. ಕಂಪನಿಯವರು ಹೇಳಿದ್ದು ಅದರ ಎರಡು ಪಟ್ಟಿನ ಹತ್ತಿರ. ಮೊದಲು ಪರದೆ ಸುಳ್ಳು ಹೇಳುತ್ತಿದೆ ಅಂದುಕೊಂಡೆ. ನೀನು ಮಾಡುತ್ತಿದ್ದ ಹಾಗೆ ಅದೇ ಪಂಪಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡಿದೆ. ಹತ್ತೂ ಬರಲಿಲ್ಲ.

ಪೆಟ್ರೋಲ್ ಹೆಚ್ಚು ಕುಡಿದರೆ ಕುಡಿಯಲಿ ಎಂದು ಬೇರೆಯವರಾದರೆ ಸುಮ್ಮನಾಗುತ್ತಿದ್ದರೇನೋ. ನನ್ನಿಂದ ಅದಾಗಲಿಲ್ಲ. ಇಷ್ಟು ಕುಡಿಯುತ್ತಿದೆ ಎಂದರೆ ಒಳಗೆ ಏನೋ ಸವೆಯುತ್ತಿದೆ. ನಾನೇ ಏನೋ ಕೆಡಿಸಿದ್ದೇನೆ. ಒಂದು ದಿನ ನಡುರಸ್ತೆಯಲ್ಲಿ ನಿಂತುಬಿಡುತ್ತದೆ, ಅವ್ವ ಪಕ್ಕದಲ್ಲಿರುತ್ತಾಳೆ, ಹಿಂದಿನಿಂದ ಒಂದು ಟ್ರಕ್ಕು... ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ರೇಡಿಯೋ ಬಂದ್ ಮಾಡಿ ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದೆ. ಆಫೀಸಿನಲ್ಲಿ ಕೂತರೂ ಕಿವಿಯಲ್ಲಿ ಅದೇ ಗುರುಗುರು.

ಮೊದಲ ಸರ್ವಿಸಿಗೆ ಇನ್ನೂ ದಿನವಿತ್ತು. ತಡೆಯಲಾರದೆ ಮೊದಲೇ ಹೋದೆ. ಅಲ್ಲಿಯ ಮ್ಯಾನೇಜರ್ ಬಾನೆಟ್ ತೆರೆದು ನೋಡಿ, ನನ್ನನ್ನು ಪಕ್ಕಕ್ಕೆ ಕೂಡಿಸಿ ತಾವೇ ಒಂದು ಸುತ್ತು ಓಡಿಸಿದರು. ಗಾಡಿಯಲ್ಲಿ ಏನೂ ದೋಷವಿಲ್ಲ ಎಂದರು. ಹೊಸದರಲ್ಲಿ ಒಳಗಿನ ಭಾಗಗಳು ಒಂದಕ್ಕೊಂದು ಬಿಗಿಯಾಗಿ ಉಜ್ಜುತ್ತವೆ, ಅದಕ್ಕೆ ಪೆಟ್ರೋಲ್ ತುಸು ಹೆಚ್ಚೇ ಬೇಕು, ಹೊಂದಿಕೊಂಡ ಹಾಗೆಲ್ಲ ಮೈಲೇಜ್ ತಾನೇ ಏರುತ್ತದೆ ಎಂದು ಬಿಡಿಸಿ ಹೇಳಿದರು. ಆದರೆ ಇದು ಇಷ್ಟೊಂದು ಕಡಿಮೆ ಇರುವುದಕ್ಕೆ ಹೊಸತನವೊಂದೇ ಕಾರಣವಲ್ಲ. ನಿಂತಲ್ಲೇ ಕಾಯಿಸುವುದು ಹಳೆಯ ಗಾಡಿಗಳ ಕಾಲದ ರೂಢಿ, ಈಗಿನದಕ್ಕೆ ಅದು ಬರೀ ಪೆಟ್ರೋಲ್ ದಂಡ. ಜೋರು ಮಾಡಬಾರದು ನಿಜ, ಹಾಗೆಂದು ತೆವಳುತ್ತಲೇ ಇದ್ದರೂ ಇಂಜಿನ್ ಹದಕ್ಕೆ ಬರುವುದಿಲ್ಲ. "ತಾಈ, ಗಾಡೀ ಹಾಯ್‌ವೇಲಾ ನ್ಯಾ," ಎಂದರು. ಹೈವೇಗೆ ಒಯ್ಯಿರಿ. ವೇಗ ಒಂದೇ ಸಮ ಇಡದೆ, ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ನಗರ್ ಊರಿನ ರಸ್ತೆ ಹಿಡಿದು ಶಿರೂರಿನ ತನಕ ಆರಾಮಾಗಿ ಹೋಗಿ ಬನ್ನಿರಿ.

ಪುಣೆಯಿಂದ ಎಷ್ಟು ದಿಕ್ಕಿಗೆ ರಸ್ತೆಗಳಿವೆ ಅಪ್ಪಾ, ಆ ಮನುಷ್ಯನಿಗೆ ಅದೊಂದೇ ಏಕೆ ನೆನಪಾಗಬೇಕಿತ್ತು?

ಆ ದಿನ ಶಿರೂರಿನಲ್ಲಿ ನಿನ್ನ ತಂಗಿಯ ಮನೆಯಲ್ಲಿ ಊಟ ಮುಗಿಸಿ ನಾವು ಮೂವರೂ ಹಿಂದಿರುಗುತ್ತಿದ್ದೆವು. ನಾನು ನಿನ್ನ ಪಕ್ಕದಲ್ಲಿ, ಅವ್ವ ಹಿಂದೆ. ಶಿಕ್ರಾಪುರ ಇನ್ನೂ ಬಂದಿರಲಿಲ್ಲ. ನೀನು ಮಾತಿನ ನಡುವೆ ಸುಮ್ಮನಾದೆ. ಇಂಡಿಕೇಟರ್ ಹಾಕಿದೆ, ಎಡಕ್ಕೆ ತಂದೆ, ಹ್ಯಾಂಡ್‌ಬ್ರೇಕ್ ಎಳೆದೆ. ಎಲ್ಲ ಕ್ರಮವಾಗಿ. "ಸವಿ, ಎದಿ..." ಅಂದೆ, ಅಷ್ಟೇ. ಆಸ್ಪತ್ರೆ ದೂರವಿರಲಿಲ್ಲ, ಹೋಗುವಾಗ ಅದರ ಬೋರ್ಡನ್ನು ನಾನೇ ಓದಿದ್ದೆ. ಟ್ಯಾಂಕ್ ತುಂಬಿತ್ತು. ಇಂಜಿನ್ ಚಾಲೂ ಇತ್ತು, ನೀನು ಸಾಕಿದ ಆ ಇಂಜಿನ್, ಒಂದಿಷ್ಟೂ ಸದ್ದು ಕೆಡದೆ ಗುರುಗುಡುತ್ತ ನಿಂತಿತ್ತು. ಓಡಿಸುವವರು ಇರಲಿಲ್ಲ. ನಾವಿಬ್ಬರೂ ರಸ್ತೆಯ ಮೇಲೆ ಸೆರಗು, ದುಪಟ್ಟಾ ಬೀಸುತ್ತ ನಿಂತೆವು. ಹಾಲಿನ ಟೆಂಪೋದವನೊಬ್ಬ ನಿಲ್ಲಿಸಿ ಒಳಗೆ ಬಂದು ಕೂರುವಷ್ಟರಲ್ಲಿ... ನಿನಗೆ ಗೊತ್ತು. ಅಥವಾ ಗೊತ್ತಿಲ್ಲವೇನೋ.

ನಾನು ಗಾಡಿ ಕಲಿತದ್ದು ಅದಕ್ಕೇ. ಶೋಕಿಗಲ್ಲ, ಆಫೀಸಿಗೂ ಅಲ್ಲ. ಆದರೆ ಕಲಿತ ಮೇಲೆ ಹೆದರಿಕೆ ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಈಗ ಸ್ಟಿಯರಿಂಗ್ ಹಿಂದೆ ನಾನು. ನನಗೇ ಏನಾದರೂ ಆದರೆ? ಪಕ್ಕದಲ್ಲಿ ಅವ್ವ ಕೂತಿರುತ್ತಾಳೆ, ಅಂದು ನಾನು ಕೂತ ಹಾಗೆ. ಇದನ್ನು ಯಾರಿಗೆ ಹೇಳಲಿ? ಅದಕ್ಕೇ ಎಲ್ಲರೆದುರೂ ಮೈಲೇಜ್, ಮೈಲೇಜ್ ಎಂದು ಬಡಬಡಿಸುತ್ತಿದ್ದೆ.

ಹೋದ ತಿಂಗಳು ಒಂದು ಭಾನುವಾರ ನಾನು ಎಂದಿನಂತೆ ಗಾಡಿ ಕಾಯಿಸುತ್ತ ಕೂತಿದ್ದಾಗ ಅವ್ವ ಸೀರೆ ಬದಲಿಸಿ, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಕೆಳಗೆ ಬಂದಳು.

"ನಡಿ, ಶಿರೂರಿಗೆ. ನಿಮ್ಮತ್ತಿನ್ನ ನೋಡಿ ಎಷ್ಟು ದಿನಾತು."

"ಅವ್ವಾ, ಗಾಡಿ ಇನ್ನೂ ಹೊಸಾದು..."

"ಬಾಣಂತನ ಮುಗದು ಕೂಸು ಅಂಬೆಗಾಲ ಇಡೂ ಹೊತ್ತಾತು. ಇನ್ನೂ ಎಷ್ಟು ಕಾಯಸ್ತೀ? ಇಂಜಿನ್ ಅಂಜಿಲ್ಲ, ಅಂಜಿದಾಕಿ ನೀ."

ಹೊರಟೆವು. ವಾಘೋಲಿಯ ಗದ್ದಲ ದಾಟುವ ತನಕ ಎರಡನೇ ಗೇರು ಬಿಡಲಿಲ್ಲ. ರಸ್ತೆ ಬಿಚ್ಚಿಕೊಂಡ ಮೇಲೆ ಮೂರನೆಯ ಗೇರು, ನಾಲ್ಕನೆಯದು. ಏರಿಸಿದೆ, ಇಳಿಸಿದೆ, ಮತ್ತೆ ಏರಿಸಿದೆ. ಟ್ರಕ್ಕು ಪಕ್ಕದಲ್ಲಿ ಬಂದಾಗಲೆಲ್ಲ ಎಡಕ್ಕೆ ಸರಿದೆ. ಪರದೆಯ ಮೇಲೆ ಹತ್ತು ಹನ್ನೆರಡಾಯಿತು, ಹದಿನಾಲ್ಕಾಯಿತು. ಅತ್ತೆ ನಮ್ಮನ್ನು ನೋಡಿ ಅತ್ತಳು, ಆಮೇಲೆ ಗಾಡಿಗೆ ಕುಂಕುಮ ಹಚ್ಚಿದಳು. ಹಿಂದಿರುಗುವಾಗ ಆ ಜಾಗ ಹತ್ತಿರ ಬಂದ ಹಾಗೆ ಗೇರು ತಪ್ಪಿ ಗಾಡಿ ಜಗ್ಗತೊಡಗಿತು. "ನಿಂದ್ರಸು," ಅಂದಳು ಅವ್ವ. ಎಡಕ್ಕೆ ತಂದು ನಿಲ್ಲಿಸಿದೆ. ಕೈ ಮುಗಿಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಬಗ್ಗಿ ನನ್ನ ಕಾಲ ಕೆಳಗೆ ನೋಡುತ್ತಿದ್ದಳು.

"ಸವಿ, ಇದರಾಗ ನಿಂದ್ರಸೂದು ಯಾವುದು, ಓಡಸೂದು ಯಾವುದು? ನಿನಗ ಏನರೆ ಆದ್ರ ನಾ ಯಾವುದು ಒತ್ತಲಿ?"

ಇಷ್ಟು ದಿನ ಅವ್ವನೂ ನನ್ನ ಪಕ್ಕದಲ್ಲಿ ಅದೇ ಹೆದರಿಕೆ ಇಟ್ಟುಕೊಂಡು ಕೂತಿದ್ದಳು. ನನಗೆ ತಿಳಿಯಬಾರದೆಂದು ಚಟ್ನಿ ಡಬ್ಬಿ ಹಿಡಿದು ಹೊರಟಿದ್ದಳು. ಇಬ್ಬರೂ ಅಲ್ಲೇ ಕೂತು ಅತ್ತೆವು. ಆಮೇಲೆ ನಾನು ಕ್ಲಚ್ಚು, ಬ್ರೇಕು, ಎಕ್ಸಲರೇಟರ್ ಒಂದೊಂದಾಗಿ ತೋರಿಸಿದೆ. ಅವಳು ಹ್ಯಾಂಡ್‌ಬ್ರೇಕನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಿದಳು.

ನಿನಗೆ ಗೊತ್ತಿಲ್ಲದ ಸುದ್ದಿ ಇದು ಅಪ್ಪಾ. ಅರವತ್ತೆರಡರ ಅವ್ವ ಕಲಿಯುವವರ ಲೈಸೆನ್ಸಿಗೆ ಪರೀಕ್ಷೆ ಬರೆದು ಪಾಸಾಗಿದ್ದಾಳೆ. ನಾಲ್ಕು ದಿನದಿಂದ ಮನೆಯ ಹಿಂದಿನ ಖಾಲಿ ಮೈದಾನದಲ್ಲಿ ಒಂದನೇ ಗೇರಿನಲ್ಲಿ ಸುತ್ತು ಹಾಕುತ್ತಾಳೆ. ಏರಿದ್ದ ಮೈಲೇಜ್ ಮತ್ತೆ ಕೆಳಗಿಳಿದಿದೆ, ಕ್ಲಚ್ಚಿನ ಗತಿ ನೀನು ಇದ್ದಿದ್ದರೆ ನೋಡಲಾರದೆ ಎದ್ದು ಹೋಗುತ್ತಿದ್ದೆ. "ದೂರ ಸರಿರಿ, ನನಗ ಇನ್ನೂ ಬರೂದಿಲ್ರಿ!" ಎಂದು ಅವ್ವ ಕಿಟಕಿಯಿಂದ ಕೂಗುತ್ತಾಳೆ, ಕ್ರಿಕೆಟ್ ಆಡುವವರು ವಿಕೆಟ್ ಎತ್ತಿಕೊಂಡು ಓಡುತ್ತಾರೆ. ಎಡಗಡೆ ಕೂತ ನನಗೆ ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಕೈ ಈಗಲೂ ಬೆವರುತ್ತದೆ.

ಆದರೆ ನಿಂತ ಗಾಡಿಯ ಪಕ್ಕದಲ್ಲಿ ಸೆರಗು ಬೀಸುತ್ತ ನಿಲ್ಲುವವರು ಇನ್ನು ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ. ಇಂದು ಬೆಳಿಗ್ಗೆ ಅವ್ವ ಗಾಡಿಯನ್ನು ಎರಡನೇ ಗೇರಿಗೆ ಹಾಕಿದಳು.

ನಿನ್ನ ಸವಿ